ಗಾಜಿನ ಟ್ಯೂಬಿನ ಪಕ್ಕ 20 ನಿಮಿಷ

ತಂಗೀ,

ಸಿದ್ದಾಪುರ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿನ್ನನ್ನು ಹಾಕಿದ್ದಾರೆ ಎಂದು ನಿನ್ನಪ್ಪ ಹೇಳಿದ. ಊರಿನ ಕೂಸು ಡಾಕ್ಟರಾಗಿ ಊರ ಹತ್ತಿರಕ್ಕೇ ಬಂತಲ್ಲ ಎಂದು ನಮ್ಮನೆಯಲ್ಲೂ ಎಲ್ಲರಿಗೂ ಸಂತೋಷ. ಜ್ವರ, ಬಿಪಿ, ಸಕ್ಕರೆ, ಹೆರಿಗೆ ಇವನ್ನೆಲ್ಲ ನೀನು ಹುಬ್ಬಳ್ಳಿಯಲ್ಲಿ ಚೆನ್ನಾಗಿ ಕಲಿತೇ ಬಂದಿರುತ್ತೀ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲೇ ಸರ್ಕಾರಿ ಡಾಕ್ಟರಾಗಿ ನೌಕರಿ ಮುಗಿಸಿದವನು ನಾನು. ಹಾವು ಕಡಿದವರನ್ನು ನೋಡುವ ವಿಷಯವೊಂದನ್ನು ಮಾತ್ರ ನಿನಗೆ ಕೂರಿಸಿಕೊಂಡು ಹೇಳಬೇಕು. ಪುಸ್ತಕದಲ್ಲಿ ಅದು ಎರಡು ಪುಟ. ಇಲ್ಲಿ ಅದು ಜೂನ್‌ನಿಂದ ಅಡಿಕೆ ಕೊಯ್ಲು ಮುಗಿಯುವವರೆಗಿನ ದಿನನಿತ್ಯದ ಕೆಲಸ.

ನಮ್ಮ ಈ ಮೂರು ತಾಲ್ಲೂಕುಗಳ ಜನರ ಕೈ ಯಾವಾಗಲೂ ಎಲೆಯ ಅಡಿಗೇ ಇರುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವುದು, ಸೋಗೆ ಎಳೆಯುವುದು, ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ಹೊರೆ ಕಟ್ಟುವುದು, ಕೊಟ್ಟಿಗೆಗೆ ಸೊಪ್ಪು ಹಾಸುವುದು, ಮೆಣಸಿನ ಬಳ್ಳಿಯ ಬುಡ ಬಿಡಿಸುವುದು. ಕೊಳಕುಮಂಡಲ ಹಾವಿಗೂ ಬೇಕಾದದ್ದು ಅದೇ ತಂಪು, ಅದೇ ಮರೆ, ಅಲ್ಲಿ ಓಡಾಡುವ ಇಲಿ. ಅದು ಮೊಟ್ಟೆ ಇಡುವ ಹಾವಲ್ಲ, ಮರಿಯನ್ನೇ ಹೆರುತ್ತದೆ. ಹೆಚ್ಚಾಗಿ ಮೇಯಿಂದ ಜುಲೈ ಒಳಗೆ, ಅಂದರೆ ನಮ್ಮವರು ಮಳೆಗಾಲದ ಕೆಲಸಕ್ಕೆ ತೋಟಕ್ಕಿಳಿಯುವ ಹೊತ್ತಿಗೆ ಸರಿಯಾಗಿ. ಗೇಣುದ್ದದ ಮರಿಗೂ ಹುಟ್ಟಿದ ದಿನದಿಂದಲೇ ವಿಷವಿರುತ್ತದೆ. ‘ಸಣ್ಣ ಮರಿ, ಏನಾಗುವುದಿಲ್ಲ’ ಎಂದು ಮನೆಯವರು ಹೇಳಿದರೆ ಒಪ್ಪಬೇಡ. ‘ಹುಳ ಮುಟ್ಟಿತು’ ಎಂದು ಬಂದವರನ್ನು ಹಾವು ಕಡಿದವರೆಂದೇ ಭಾವಿಸಿ ಒಳಗೆ ಕರೆದುಕೋ. ಹಾವಿನ ಹೆಸರು ಹೇಳಲು ಹಿಂಜರಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ.

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ದುಡಿಯುವವರು. ಕಡಿದು ಅತಿ ಹೆಚ್ಚು ಪ್ರಾಣ ತೆಗೆಯುವ ಹಾವುಗಳ ಸಾಲಿನಲ್ಲಿ ಕೊಳಕುಮಂಡಲ ಮುಂದಿದೆ. ಅದರ ವಿಷ ಕೆಡಿಸುವುದು ರಕ್ತ ಹೆಪ್ಪುಗಟ್ಟುವ ಗುಣವನ್ನು. ಹಾಗಾಗಿ ನೀನು ಮೊದಲು ಕೇಳಬೇಕಾದದ್ದು ರೋಗಿಯ ರಕ್ತವನ್ನು. ಚೀಲದಲ್ಲಿ ತಂದ ಸತ್ತ ಹಾವನ್ನೂ ಅಲ್ಲ, ಗಾಬರಿಯಲ್ಲಿ ಹತ್ತು ತರ ಹೇಳುವ ಮನೆಯವರನ್ನೂ ಅಲ್ಲ.

ವಿಷ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ಅರ್ಥ ಮಾಡಿಕೋ, ಆಗ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಮಂಡಲದ ವಿಷ ರಕ್ತವನ್ನು ನೀರು ಮಾಡುತ್ತದೆ ಎಂದು ಜನ ಹೇಳುವುದು ಕೊನೆಯಲ್ಲಿ ಕಾಣುವ ರೂಪವನ್ನು ನೋಡಿ. ಶುರುವಿನಲ್ಲಿ ಅದು ಮಾಡುವುದು ಇದಕ್ಕೆ ತದ್ವಿರುದ್ಧ. ರಕ್ತದಲ್ಲಿರುವ ಹತ್ತನೆಯ ಫ್ಯಾಕ್ಟರ್ ಮತ್ತು ಐದನೆಯ ಫ್ಯಾಕ್ಟರ್ ಎಂಬ ಎರಡು ಪ್ರೋಟೀನುಗಳನ್ನು ಅದು ಒಮ್ಮೆಲೇ ಬಡಿದೆಬ್ಬಿಸುತ್ತದೆ. ಅವು ಎದ್ದರೆ ಹೆಪ್ಪುಗಟ್ಟುವ ಕೆಲಸ ಮೈಯ ಎಲ್ಲ ಕಡೆ ಒಟ್ಟಿಗೆ ಶುರುವಾಗುತ್ತದೆ. ಆ ಕೆಲಸಕ್ಕೆ ಬೇಕಾದ ಸಾಮಾನು ಫೈಬ್ರಿನೋಜೆನ್. ಅದು ಅಲ್ಲಿ ಇಲ್ಲಿ ಚೂರುಚೂರಾಗಿ ಖರ್ಚಾಗಿ, ಸ್ವಲ್ಪ ಹೊತ್ತಿನಲ್ಲಿ ಖಾಲಿಯಾಗುತ್ತದೆ. ಆಮೇಲೆ ಒಸಡಿನಲ್ಲಿ ಜಿನುಗಿದ ರಕ್ತ ನಿಲ್ಲುವುದಿಲ್ಲ, ಸೂಜಿ ಚುಚ್ಚಿದ ತೂತು ಒಣಗುವುದಿಲ್ಲ, ಮಿದುಳಿನಲ್ಲಿ ರಕ್ತಸ್ರಾವವಾದರೆ ಉಳಿಯುವುದು ಕಷ್ಟ.

ಇದೇ ವಿಷವನ್ನು ಮನುಷ್ಯರು ಔಷಧವಾಗಿಯೂ ಬಳಸಿದ್ದಾರೆ ಎಂಬುದು ನಿನಗೆ ಗೊತ್ತಿರಲಿ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬರ್ಗೆಸ್ ಬಾರ್ನೆಟ್ ಎಂಬಿಬ್ಬರು ಕೊಳಕುಮಂಡಲದ ವಿಷವನ್ನು ತೀರ ತೆಳು ಮಾಡಿ, ಹಿಮೋಫೀಲಿಯಾ ಇರುವವರ ಗಾಯದ ರಕ್ತ ನಿಲ್ಲಿಸಲು ಬಳಸಿ ಬರೆದರು. ಗಾಯದ ಮೇಲೆ ಒಂದು ಹನಿ ಬಿದ್ದರೆ ರಕ್ತ ನಿಲ್ಲಿಸುವ ವಿಷ, ಮೈಯೊಳಗೆ ಹೊಕ್ಕರೆ ಹೆಪ್ಪುಗಟ್ಟುವ ಶಕ್ತಿಯನ್ನೇ ಮುಗಿಸುತ್ತದೆ. ದೊಡ್ಡ ಲ್ಯಾಬುಗಳಲ್ಲಿ ರಕ್ತದ ಒಂದು ಪರೀಕ್ಷೆಗೆ ಈ ವಿಷವನ್ನು ಇವತ್ತಿಗೂ ಬಳಸುತ್ತಾರೆ.

ಇನ್ನು ಟ್ಯೂಬಿನ ವಿಷಯ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ, ನಿಧಾನವಾಗಿ ಓದು.

ಹಾವು ಕಡಿಯದ ಕೈಯ ರಕ್ತನಾಳದಿಂದ 2 ಮಿಲಿಲೀಟರ್ ರಕ್ತ ತೆಗೆ. ಹೊಸದಾದ, ಶುದ್ಧವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ, ಗೋಡೆಗುಂಟ ಮೆಲ್ಲಗೆ ಇಳಿಯುವಂತೆ ಹಾಕು. ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸು. ರೋಗಿಯ ಹೆಸರು ಮತ್ತು ಗಂಟೆ ಅದರ ಮೇಲೆ ಬರೆ. ಆಮೇಲೆ 20 ನಿಮಿಷ ಮುಟ್ಟಬೇಡ. ಎತ್ತಿ ನೋಡುವುದು, ಅಲುಗಿಸುವುದು, ‘ಆಯಿತಾ’ ಎಂದು ಬಗ್ಗಿಸುವುದು ಯಾವುದೂ ಬೇಡ. 20 ನಿಮಿಷಕ್ಕೆ ಒಂದೇ ಒಂದು ಸಲ ಓರೆ ಮಾಡು. ಮೊಸರಿನ ಹಾಗೆ ಕೂತು, ಟ್ಯೂಬ್ ಓರೆಯಾದರೂ ಜಾಗ ಬಿಡದಿದ್ದರೆ ಹೆಪ್ಪುಗಟ್ಟಿದೆ. ಸರ್ರನೆ ಹರಿದು ಬಾಯಿಗೆ ಬಂದರೆ ಹೆಪ್ಪುಗಟ್ಟಿಲ್ಲ, ಫೈಬ್ರಿನೋಜೆನ್ ತಳ ಕಂಡಿದೆ, ವಿಷ ಮೈಗೇರಿದೆ. ಅಷ್ಟೇ ಪರೀಕ್ಷೆ. ಕರೆಂಟು ಬೇಡ, ಮಿಷನ್ ಬೇಡ, ರಾಸಾಯನಿಕ ಬೇಡ. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕತ್ತಲಲ್ಲಿರುವ ನಮ್ಮ ಊರುಗಳಿಗೆ ಇದಕ್ಕಿಂತ ಒಗ್ಗುವ ಪರೀಕ್ಷೆ ಇನ್ನೊಂದಿಲ್ಲ.

ಇಷ್ಟು ಸುಲಭವಾದ್ದರಿಂದಲೇ ಇದನ್ನು ಎಲ್ಲರೂ ಕೆಡಿಸುತ್ತಾರೆ. ಗಾಜೇ ಏಕೆ ಎಂದು ನಿನ್ನ ಲ್ಯಾಬಿನವರಿಗೂ ಸಿಸ್ಟರಿಗೂ ಮೊದಲ ದಿನವೇ ಹೇಳಿಕೊಡು. ಗಾಜಿನ ಮೈ ತಾಗಿದಾಗ ರಕ್ತದಲ್ಲಿರುವ ಹನ್ನೆರಡನೆಯ ಫ್ಯಾಕ್ಟರ್ ಎಚ್ಚರಗೊಳ್ಳುತ್ತದೆ, ಅಲ್ಲಿಂದ ಹೆಪ್ಪುಗಟ್ಟುವ ಸರಣಿ ಶುರುವಾಗುತ್ತದೆ. ಬರೀ ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ. ಪ್ಲಾಸ್ಟಿಕ್ ಸಿರಿಂಜಿನಲ್ಲೇ ರಕ್ತ ಬಿಟ್ಟು 20 ನಿಮಿಷ ಕಾದರೆ, ಹಾವು ಕಡಿಯದವನ ರಕ್ತವೂ ಹರಿಯುವಂತೆ ಕಾಣಬಹುದು. ಆಗ ಬೇಡದವನಿಗೆ ಔಷಧ ಹೋಗುತ್ತದೆ. ಸೋಪಿನ ಪುಡಿ ಹಾಕಿ ತೊಳೆದ ಗಾಜಿನ ಟ್ಯೂಬೂ ಅದೇ ತಪ್ಪು ಮಾಡಿಸುತ್ತದೆ, ಒಳಮೈಗೆ ಸೋಪು ಅಂಟಿಕೊಂಡರೆ ಗಾಜಿನ ಗುಣ ಹೋಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥವೇ ಇದೆ. ಕೆಂಪು ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಬೇಗ ಹೆಪ್ಪುಗಟ್ಟಿಸುವ ಪುಡಿ ಸವರಿರುತ್ತಾರೆ. ಎರಡೂ ಈ ಕೆಲಸಕ್ಕೆ ಬೇಡ. ಖಾಲಿಯಾದ ಇಂಜೆಕ್ಷನ್ ಬಾಟಲಿ ತೊಳೆದು ಇಟ್ಟುಕೊಳ್ಳುವ ರೂಢಿ ಕೆಲವು ಕಡೆ ಇದೆ, ಅದೂ ಬೇಡ.

ಅನುಮಾನ ಬಂದರೆ ಒಂದು ದಾರಿ ಇದೆ. ರೋಗಿಯ ಜೊತೆ ಬಂದ ಆರೋಗ್ಯವಂತರೊಬ್ಬರ 2 ಮಿಲಿಲೀಟರ್ ರಕ್ತವನ್ನೂ ಅದೇ ಡಬ್ಬಿಯ ಇನ್ನೊಂದು ಟ್ಯೂಬಿನಲ್ಲಿ ಹಾಕಿ ಪಕ್ಕದಲ್ಲೇ ಇಡು. ಅವರದ್ದು ಗಟ್ಟಿಯಾಗಿ ರೋಗಿಯದ್ದು ಹರಿದರೆ ಸಂಶಯವಿಲ್ಲ. ಎರಡೂ ಹರಿದರೆ ದೋಷ ಟ್ಯೂಬಿನದ್ದು. ಮನೆಯವರಿಗೂ ಇದನ್ನು ಕಣ್ಣಾರೆ ತೋರಿಸು. ‘ನಿಮ್ಮ ರಕ್ತ ನೋಡಿ, ಇವರ ರಕ್ತ ನೋಡಿ’ ಎಂದು ಎರಡು ಟ್ಯೂಬ್ ಓರೆ ಮಾಡಿ ತೋರಿಸಿದರೆ, ಮಂತ್ರ ಹಾಕಿಸಲು ವಾಪಸು ಕರೆದೊಯ್ಯುತ್ತೇವೆ ಎಂದು ಹಟ ಹಿಡಿದವರೂ ಬೆಂಚಿನ ಮೇಲೆ ಕೂರುತ್ತಾರೆ. ಹೀಗಾದದ್ದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ಈ ಪರೀಕ್ಷೆ ನಿನ್ನೆ ಮೊನ್ನೆಯದಲ್ಲ. 1970ರ ದಶಕದಲ್ಲಿ ನೈಜೀರಿಯಾದಲ್ಲಿ ಗರಗಸಮಂಡಲ ಕಡಿದವರನ್ನು ನೋಡುತ್ತಿದ್ದ ಡೇವಿಡ್ ವಾರೆಲ್ ಮತ್ತವರ ಜೊತೆಗಾರರು ಹಾಸಿಗೆ ಪಕ್ಕದಲ್ಲೇ ಮಾಡುವ ಇಂಥ ಪರೀಕ್ಷೆಯನ್ನು ರೂಢಿಗೆ ತಂದರು. ಟ್ಯೂಬಿನಲ್ಲಿ ರಕ್ತ ಹರಿಯುವುದಕ್ಕೂ ಫೈಬ್ರಿನೋಜೆನ್ ತೀರ ಇಳಿಯುವುದಕ್ಕೂ ಸರಿಯಾಗಿ ತಾಳೆಯಾಗುತ್ತದೆ ಎಂದು 1994ರಲ್ಲಿ ಬ್ರೆಜಿಲ್‌ನವರು ತೋರಿಸಿದರು. ಆಮೇಲೆ ಶ್ರೀಲಂಕಾದಿಂದ ಬೇರೆಯೇ ಸುದ್ದಿ ಬಂತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಗಳಲ್ಲಿ ಮಾಮೂಲಿಯಾಗಿ ಮಾಡುತ್ತಿದ್ದ ಈ ಪರೀಕ್ಷೆ, ರಕ್ತ ಕೆಟ್ಟ 100 ಜನರಲ್ಲಿ ಸುಮಾರು 40 ಮಂದಿಯನ್ನು ಮಾತ್ರ ಹಿಡಿದಿತ್ತು. ಉಳಿದವರ ಔಷಧ ತಡವಾಯಿತು. ಪರೀಕ್ಷೆಯನ್ನೇ ಬಿಟ್ಟುಬಿಡೋಣ ಎನ್ನುವ ಮಾತೂ ಎದ್ದಿತು. 2017ರಲ್ಲಿ ಪ್ರಕಟವಾದ ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ, ಒಂದೇ ಅಳತೆಯ ಗಾಜಿನ ಟ್ಯೂಬ್ ಕೊಟ್ಟು, ಮಾಡುವವರಿಗೆ ತರಬೇತಿ ಕೊಟ್ಟು, ಗಡಿಯಾರ ನೋಡಿ ಮಾಡಿಸಿದಾಗ 100ರಲ್ಲಿ 80ಕ್ಕೂ ಹೆಚ್ಚು ಮಂದಿ ಸಿಕ್ಕಿದರು. ವಿಷ ಅದೇ, ಹಾವು ಅದೇ. ಬದಲಾದದ್ದು ಮಾಡುವ ಕೈ ಮತ್ತು ಗಾಜು. ಗಡಿಬಿಡಿಯ ವಾರ್ಡಿನಲ್ಲಿ 20 ನಿಮಿಷ ಎನ್ನುವುದು 12 ಆಗುತ್ತದೆ, ಇಲ್ಲವೇ 45 ಆಗುತ್ತದೆ. ಅದಕ್ಕೇ ಹೇಳುತ್ತೇನೆ, ಈ ಕೆಲಸವನ್ನು ಆಯಾಳಿಗೆ ವಹಿಸಿ ಓಪಿಡಿಗೆ ಹೋಗಬೇಡ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿರು. ಆ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸ ಇದ್ದೇ ಇರುತ್ತದೆ. ಕಡಿತದ ಜಾಗದ ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆ, ಒಸಡು ನೋಡು, ಮೂತ್ರದ ಬಣ್ಣ ನೋಡು, ಕಣ್ಣಿನ ರೆಪ್ಪೆ ನೋಡು. ಒಸಡಿನಲ್ಲೋ ಮೂತ್ರದಲ್ಲೋ ರಕ್ತ ಕಂಡ ಮೇಲೆ ಟ್ಯೂಬಿಗಾಗಿ ಕಾಯುವುದು ಬೇಡ, ಔಷಧ ಶುರು ಮಾಡು.

ಮೊದಲ ಟ್ಯೂಬ್ ಗಟ್ಟಿಯಾಯಿತು ಎಂದು ರೋಗಿಯನ್ನು ಮನೆಗೆ ಕಳಿಸಬೇಡ. ತೋಟ ಆಸ್ಪತ್ರೆಗೆ ಹತ್ತಿರವಿದ್ದು ಬೈಕಿನಲ್ಲಿ ಅರ್ಧ ಗಂಟೆಗೇ ಬಂದಿದ್ದರೆ ವಿಷ ಇನ್ನೂ ತನ್ನ ಕೆಲಸ ಮುಗಿಸಿರುವುದಿಲ್ಲ. ಮೊದಲ ಮೂರು ಗಂಟೆ ಗಂಟೆಗೊಂದು ಸಲ, ಆಮೇಲೆ ಆರು ಗಂಟೆಗೊಂದು ಸಲ, ಹೀಗೆ 24 ಗಂಟೆ ನೋಡಬೇಕು ಎಂದು ನಮ್ಮ ದೇಶದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ಹಾಲು ಕರೆಯಬೇಕು, ಅಡಿಕೆ ಬೇಯಿಸಲು ಹಂಡೆ ಒಲೆಯ ಮೇಲಿದೆ, ಚೆನ್ನಾಗಿಯೇ ಇದ್ದೇನಲ್ಲ ಎಂದು ರೋಗಿಯೇ ಎದ್ದು ಹೊರಡುತ್ತಾನೆ. ಕೂರಿಸು. ಬೈದಾದರೂ ಕೂರಿಸು. ನಮ್ಮವರು ಡಾಕ್ಟರ ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಡಾಕ್ಟರು ಅಸಡ್ಡೆ ಮಾಡಿದರೆ ಮಾತ್ರ ಮರೆಯುವುದಿಲ್ಲ.

ರಕ್ತ ಹರಿಯಿತು ಎಂದರೆ ಎಎಸ್‌ವಿ, ಅಂದರೆ ಹಾವಿನ ವಿಷದ ಪ್ರತಿವಿಷ. 8ರಿಂದ 10 ವಯಲ್, ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯೊಳಗೆ ಹೋಗಬೇಕು. ಒಂದು ವಯಲ್, ಎರಡು ವಯಲ್ ಹಾಕಿ ನೋಡೋಣ ಎಂಬ ಅಂಜಿಕೆ ಬೇಡ. ಲೆಕ್ಕ ಸ್ಪಷ್ಟವಾಗಿದೆ. ಕೊಳಕುಮಂಡಲ ಒಮ್ಮೆ ಕಡಿದಾಗ ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ. ಒಂದು ಮಿಲಿಲೀಟರ್ ಎಎಸ್‌ವಿ 0.6 ಮಿಲಿಗ್ರಾಂ ವಿಷವನ್ನು ಕಟ್ಟಿಹಾಕುತ್ತದೆ, ವಯಲಿಗೆ 10 ಮಿಲಿಲೀಟರ್, ಅಲ್ಲಿಗೆ 10 ವಯಲಿಗೆ 60 ಮಿಲಿಗ್ರಾಂ. ಮಗುವಿಗೂ ಇದೇ ಪ್ರಮಾಣ. ಕಡಿದದ್ದು ಮಗುವನ್ನು ಎಂದು ಹಾವು ವಿಷ ಕಡಿಮೆ ಬಿಟ್ಟಿರುವುದಿಲ್ಲ. ಎಎಸ್‌ವಿ ಕುದುರೆಯ ರಕ್ತದಿಂದ ತಯಾರಾಗುವುದರಿಂದ ಕೆಲವರಿಗೆ ಮೈ ತುರಿಕೆ, ದದ್ದು, ಉಬ್ಬಸ, ಬಿಪಿ ಕುಸಿತ ಆಗುತ್ತದೆ. ಡ್ರಿಪ್ ಹಚ್ಚುವ ಮೊದಲೇ ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ಕೈಗೆಟುಕುವಲ್ಲಿ ಇಟ್ಟುಕೋ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಚರ್ಮಕ್ಕೆ ಟೆಸ್ಟ್ ಡೋಸ್ ಚುಚ್ಚಿ ಕಾಯುವ ಹಳೆಯ ಪದ್ಧತಿ ಬಿಡು, ಅದರಿಂದ ಯಾರಿಗೆ ಅಲರ್ಜಿಯಾಗುತ್ತದೆಂದು ತಿಳಿಯುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಧನುರ್ವಾಯುವಿನ ಇಂಜೆಕ್ಷನನ್ನೂ ರಕ್ತ ಹೆಪ್ಪುಗಟ್ಟುವಂತಾಗುವವರೆಗೆ ತಡೆದಿಡು, ಇಲ್ಲದಿದ್ದರೆ ಚುಚ್ಚಿದ ಜಾಗದಲ್ಲೇ ರಕ್ತ ಗಡ್ಡೆಕಟ್ಟುತ್ತದೆ.

ಡ್ರಿಪ್ ಮುಗಿದ ಕೂಡಲೇ ಮತ್ತೆ ಟ್ಯೂಬ್ ಹಾಕಿ, ‘ಇನ್ನೂ ಹರಿಯುತ್ತಿದೆ’ ಎಂದು ಇನ್ನಷ್ಟು ಔಷಧ ಸುರಿಯುವ ಡಾಕ್ಟರುಗಳಿದ್ದಾರೆ. ನೀನು ಹಾಗೆ ಮಾಡಬೇಡ. ಎಎಸ್‌ವಿ ವಿಷವನ್ನು ಹಿಡಿಯುತ್ತದೆ, ಖರ್ಚಾದ ಫೈಬ್ರಿನೋಜೆನನ್ನು ತಂದುಕೊಡುವುದಿಲ್ಲ. ಅದನ್ನು ಮತ್ತೆ ತಯಾರಿಸುವುದು ಲಿವರ್, ಅದಕ್ಕೆ ಸುಮಾರು ಆರು ಗಂಟೆ ಬೇಕು. ಆರು ಗಂಟೆಯ ಮೇಲೆ ನೋಡು. ಗಟ್ಟಿಯಾಗಿದ್ದರೆ ಔಷಧ ನಿಲ್ಲಿಸಿ, ಮತ್ತೆ ಆರು ಗಂಟೆಗೊಮ್ಮೆ ನೋಡುತ್ತಿರು, ಕಡಿದ ಜಾಗದಿಂದ ವಿಷ ತಡವಾಗಿ ಇಳಿದು ರಕ್ತ ಮತ್ತೆ ಕೆಡುವುದುಂಟು. ಇನ್ನೂ ಹರಿಯುತ್ತಿದ್ದರೆ ಇನ್ನೊಂದು ಸುತ್ತು ಹಾಕು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎಎಸ್‌ವಿ ಎಷ್ಟು ದಿನಕ್ಕೆ ಬರುತ್ತದೆ, ಎಷ್ಟು ಬರುತ್ತದೆ ಎಂದು ನೀನೇ ನೋಡುತ್ತೀ. ಅವಸರಕ್ಕೆ ಒಬ್ಬನಿಗೆ ಹೆಚ್ಚಾಗಿ ಹಾಕಿದ ವಯಲ್ ಮುಂದಿನ ಮಳೆರಾತ್ರಿ ಬರುವವನದ್ದು.

ಟ್ಯೂಬ್ ಹೇಳದ ಮಾತೂ ಇದೆ. ಇದನ್ನು ಮರೆತರೆ ಜೀವ ಹೋಗುತ್ತದೆ. ನಾಗರಹಾವು ಮತ್ತು ಕಟ್ಟಹಾವಿನ ವಿಷ ನರಗಳ ಮೇಲೆ ಬೀಳುತ್ತದೆ, ರಕ್ತದ ಮೇಲಲ್ಲ. ಅವು ಕಡಿದವರ ರಕ್ತ ಗಟ್ಟಿಯಾಗಿ, ಚಂದವಾಗಿ ಹೆಪ್ಪುಗಟ್ಟುತ್ತದೆ, ಆದರೆ ಉಸಿರು ನಿಲ್ಲುತ್ತಿರುತ್ತದೆ. ಕಟ್ಟಹಾವು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ಗುರುತೇ ಕಾಣದಷ್ಟು ಸಣ್ಣ ಕಡಿತ, ಬಾವೂ ಇಲ್ಲ, ಉರಿಯೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದವನ ರೆಪ್ಪೆ ಜೋತು ಬಿದ್ದಿದ್ದರೆ, ಮಾತು ತೊದಲಿದರೆ, ಕುತ್ತಿಗೆ ನಿಲ್ಲದಿದ್ದರೆ ಟ್ಯೂಬಿನ ಕಡೆ ನೋಡುತ್ತ ಕೂರಬೇಡ. ಅಂಥವರಿಗೆ ಎಎಸ್‌ವಿ ಜೊತೆಗೆ ಉಸಿರಾಟಕ್ಕೆ ಆಸರೆ ಬೇಕು. ಅಂಬು ಬ್ಯಾಗು ಒತ್ತುತ್ತ ಒತ್ತುತ್ತ ನಾವು ವೆಂಟಿಲೇಟರ್ ಇರುವಲ್ಲಿಗೆ ತಲುಪಿಸಿದ ರೋಗಿಗಳು ಬದುಕಿ, ಆಮೇಲೆ ಮಗಳ ಮದುವೆಗೆ ಕರೆಯಲು ನನ್ನ ಮನೆಗೆ ಬಂದದ್ದಿದೆ.

ನಮ್ಮ ಘಟ್ಟದ ಕಾಡಿಗೇ ಸೇರಿದ ಇನ್ನೊಂದು ತೊಡಕೂ ಇದೆ. ಬಯಲುಸೀಮೆಯಲ್ಲಿ ಕಲಿತ ಡಾಕ್ಟರಿಗೆ ಇದು ಗೊತ್ತಿರುವುದಿಲ್ಲ. ಎಎಸ್‌ವಿ ತಯಾರಾಗುವುದು ನಾಲ್ಕು ಹಾವುಗಳಿಗೆ: ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ತೋಟದ ದರಕಿನಲ್ಲಿ ಗೂನುಮೂಗಿನ ಗುಳಿಮಂಡಲವೂ ಇದೆ. ಮೊಳದುದ್ದ ಇದ್ದರೆ ಹೆಚ್ಚು. ಅದರ ವಿಷಕ್ಕೆ ಈ ಎಎಸ್‌ವಿ ತಗಲುವುದಿಲ್ಲ. ಬಹಳ ಕಾಲ ಎಲ್ಲರೂ ಅದನ್ನು ಗರಗಸಮಂಡಲವೆಂದೇ ತಿಳಿದು ಔಷಧ ಹಾಕುತ್ತಿದ್ದರು, ಅದು ಕಡಿದರೂ ಅಪಾಯವಿಲ್ಲ ಎಂದು ನಂಬಿದವರೂ ಇದ್ದರು. 2007ರಲ್ಲಿ ಕೇರಳದಿಂದ ಬಂದ ವರದಿ, ಈ ಹಾವಿನ ಕಡಿತದಿಂದ ರಕ್ತ ಕೆಟ್ಟು, ಕಿಡ್ನಿ ನಿಂತು ಜೀವಕ್ಕೆ ಕುತ್ತು ಬಂದವರನ್ನು ಖಚಿತ ಗುರುತಿನೊಂದಿಗೆ ದಾಖಲಿಸಿತು. ಎಎಸ್‌ವಿಯಿಂದ ಅವರಿಗೆ ಉಪಯೋಗವಾಗಲಿಲ್ಲ ಎಂಬುದನ್ನೂ ಹೇಳಿತು.

ನನಗೂ ಅಂಥ ಒಬ್ಬ ರೋಗಿ ನೆನಪಿದ್ದಾನೆ. ಯಲ್ಲಾಪುರದ ಕಡೆಯ ತೋಟದಲ್ಲಿ ಉದುರಡಿಕೆ ಹೆಕ್ಕುವಾಗ ಬೆರಳಿಗೆ ಕಡಿತ. ಹಾವನ್ನು ಗಾಜಿನ ಬಾಟಲಿಯಲ್ಲಿ ಹಾಕಿ ತಂದಿದ್ದರು, ಬಂದವರೆಲ್ಲ ಕೊಳಕುಮಂಡಲದ ಮರಿ ಎಂದರು. ಟ್ಯೂಬ್ ಹರಿಯಿತು, ಮೊದಲ ಸುತ್ತು ಔಷಧ ಹೋಯಿತು. ಆರು ಗಂಟೆಯ ಮೇಲೂ ಹರಿಯಿತು. ಎರಡನೆಯ ಸುತ್ತಿಗೆ ಮೊದಲು ಆ ಬಾಟಲಿಯನ್ನು ಹಗಲು ಬೆಳಕಿಗೆ ತಂದು, ಹಾವನ್ನು ಇಕ್ಕಳದಲ್ಲಿ ಹಿಡಿದು ಬಿಳಿ ಕಾಗದದ ಮೇಲೆ ಇಟ್ಟು ನೋಡಿದೆ. ಮೂತಿಯ ತುದಿ ಮೇಲಕ್ಕೆ ಮಡಚಿಕೊಂಡಿತ್ತು. ಕಣ್ಣಿಗೂ ಮೂಗಿಗೂ ನಡುವೆ ಸೂಜಿಮೊನೆ ಹೋಗುವಷ್ಟು ಗುಳಿ. ತಲೆಯ ಮೇಲೆ ಕಣ್ಣುಗಳ ನಡುವೆ ದೊಡ್ಡ ದೊಡ್ಡ ಪೊರೆಬಿಲ್ಲೆಗಳು. ಕೊಳಕುಮಂಡಲದ ತಲೆಯಲ್ಲಿ ಅಂಥವಿಲ್ಲ, ಅಲ್ಲಿರುವುದೆಲ್ಲ ಸಣ್ಣ ಚಿಪ್ಪು, ಅದಕ್ಕೆ ಗುಳಿಯೂ ಇಲ್ಲ. ಇನ್ನೊಂದು ಸುತ್ತು ಎಎಸ್‌ವಿ ಹಾಕಲಿಲ್ಲ. ಗಂಟೆಗಂಟೆಗೆ ಮೂತ್ರ ಅಳೆದೆವು. ಅದು ಇಳಿಯುತ್ತ ಬಂದದ್ದು ಕಂಡು ಹುಬ್ಬಳ್ಳಿಗೆ ಕಳಿಸಿದೆವು. ಅಲ್ಲಿ ಡಯಾಲಿಸಿಸ್ ಆಗಿ ಮನೆಗೆ ಬಂದ. ಸರಿಯಾಗಿ ಔಷಧ ಕೊಟ್ಟ ಮೇಲೂ ಟ್ಯೂಬ್ ಹರಿಯುತ್ತಲೇ ಇದ್ದರೆ, 20, 25 ವಯಲ್ ದಾಟುತ್ತಿದ್ದರೆ, ಹಾವು ಬೇರೆ ಇರಬಹುದು ಎಂದು ಯೋಚಿಸಿ ದೊಡ್ಡ ಆಸ್ಪತ್ರೆಯವರಿಗೆ ಫೋನ್ ಮಾಡು. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ನಮ್ಮ ಎಎಸ್‌ವಿಗೆ ಬಳಸುವ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರಿ ಸಂಘದಿಂದ ಹೋಗುವುದು. ಪಶ್ಚಿಮ ಘಟ್ಟದ ಹಾವುಗಳಿಗೇ ಒಗ್ಗುವ ಔಷಧ ಬರಬೇಕು ಎಂದು ನಿನ್ನ ತಲೆಮಾರಿನವರು ಗಟ್ಟಿಯಾಗಿ ಕೇಳಬೇಕು.

ನಿನಗಾಗಿ ಹಾವು ಹೊಡೆದು ತನ್ನಿ ಎಂದು ಮಾತ್ರ ಯಾರಿಗೂ ಹೇಳಬೇಡ. ಹೊಡೆಯಲು ಹೋಗಿ ಇನ್ನೊಬ್ಬ ಕಡಿಸಿಕೊಳ್ಳುತ್ತಾನೆ. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕರೆ ಸಾಕು, ಸಿಗದಿದ್ದರೂ ನಡೆಯುತ್ತದೆ.

ಹಾವಿನ ಮದ್ದು ಕೊಡುವ ಮನೆಗಳು ನಮ್ಮಲ್ಲಿ ಊರಿಗೊಂದು ಇವೆ. ಅವರ ಬಗ್ಗೆ ಹಗುರವಾಗಿ ಮಾತಾಡಬೇಡ. ದುಡ್ಡು ಮುಟ್ಟದೆ, ಸರಿರಾತ್ರಿ ಎದ್ದು ಬೇರು ತೇದು ಕೊಡುವ ಹಿರಿಯರು ಅವರಲ್ಲಿದ್ದಾರೆ. ಕಡಿದ ಹಾವುಗಳಲ್ಲಿ ವಿಷವಿಲ್ಲದವೇ ಜಾಸ್ತಿ, ವಿಷದ ಹಾವೂ ಕೆಲವೊಮ್ಮೆ ಬರಿದೇ ಕಡಿಯುತ್ತದೆ. ಹಾಗಾಗಿ ಅವರ ಮದ್ದು ಕುಡಿದ ಬಹಳ ಮಂದಿ ಉಳಿದದ್ದು ನಿಜ, ಜನರ ನಂಬಿಕೆ ಅಲ್ಲಿಂದ ಬಂದದ್ದು. ಆ ಮನೆಗೆ ನೀನೇ ಒಮ್ಮೆ ಹೋಗು, ಚಹಾ ಕುಡಿ, ಎರಡು ಟ್ಯೂಬಿನ ಪರೀಕ್ಷೆಯನ್ನು ವಿವರಿಸು. ‘ನಿಮ್ಮ ಹತ್ತಿರ ಬಂದವರನ್ನು ಮೊದಲು ರಕ್ತ ನೋಡಿಸಿಕೊಂಡು ಬಾ ಎಂದು ಕಳಿಸಿ’ ಎಂದು ಕೇಳು. ಒಪ್ಪುತ್ತಾರೆ. ಒಪ್ಪಿದವರ ಮಾತಿಗೆ ಊರಿನಲ್ಲಿ ನಿನ್ನ ಮಾತಿಗಿಂತ ತೂಕ ಹೆಚ್ಚು. ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕೈಕಾಲು ಅಲುಗಾಡದಂತೆ ದಬ್ಬೆ ಕಟ್ಟಿ 108ಕ್ಕೆ ಫೋನ್ ಮಾಡಿ ಎಂಬುದನ್ನೂ ಅವರ ಬಾಯಿಂದಲೇ ಹೇಳಿಸು. ಹಗ್ಗ ಬಿಗಿದು ಕಟ್ಟಿಕೊಂಡೇ ಬಂದವರ ಕಟ್ಟನ್ನು ಬಾಗಿಲಲ್ಲೇ ಬಿಚ್ಚಬೇಡ. ಡ್ರಿಪ್ ಹಚ್ಚಿ, ಔಷಧ ತಯಾರಿಟ್ಟುಕೊಂಡು ಆಮೇಲೆ ಸಡಿಲಿಸು.

ಮುಂದಕ್ಕೆ ಕಳಿಸುವ ವಿಷಯ. ಶಿರಸಿಯ ಪಂಡಿತ ಆಸ್ಪತ್ರೆಗೋ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಕಳಿಸಬೇಕಾಗಿ ಬರುತ್ತದೆ, ಅದರಲ್ಲಿ ಸಂಕೋಚವಿಲ್ಲ. ಆದರೆ ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಮಳೆಗಾಲದ ರಾತ್ರಿ ಆ ದಾರಿ ಎಷ್ಟು ಗಂಟೆಯದ್ದು ಎಂದು ನಿನಗೆ ನಾನು ಹೇಳಬೇಕಿಲ್ಲ. ರಕ್ತ ಹರಿಯುತ್ತಿರುವ ರೋಗಿಯನ್ನು ಎಎಸ್‌ವಿ ಇಟ್ಟುಕೊಂಡೂ ಹಾಗೇ ಆಂಬುಲೆನ್ಸ್ ಹತ್ತಿಸುವುದು ನನ್ನ ಕಣ್ಣಿಗೆ ಕ್ಷಮೆ ಇಲ್ಲದ ಕೆಲಸ. ಮೊದಲ ಸುತ್ತು ನಿನ್ನಲ್ಲೇ ಹೋಗಲಿ, ಆಮೇಲೆ ಗಾಡಿ ಹೊರಡಲಿ. ಜೊತೆಗೆ ಒಂದು ಚೀಟಿ ಬರೆ. ಕಡಿದ ಗಂಟೆ, ಮೊದಲ ಟ್ಯೂಬಿನ ಗಂಟೆ ಮತ್ತು ಫಲ, ಎಎಸ್‌ವಿ ಎಷ್ಟು ವಯಲ್, ಎಷ್ಟು ಗಂಟೆಗೆ ಮುಗಿಯಿತು, ಮೂತ್ರ ಎಷ್ಟು ಹೋಯಿತು. ಇಷ್ಟಿಲ್ಲದೆ ಬಂದ ರೋಗಿಗೆ ಅಲ್ಲಿನ ಡಾಕ್ಟರು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪ್ರತಿ ಕಡಿತವನ್ನೂ ವರದಿ ಮಾಡು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಖಾಸಗಿ ಆಸ್ಪತ್ರೆಗಳಿಗೂ ಅದು ಅನ್ವಯ. ಮರುತಿಂಗಳೇ ಕೇಂದ್ರ ಸರ್ಕಾರ, 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ಕಾರ್ಯಯೋಜನೆ ಹೊರಡಿಸಿತು. ನಿನ್ನ ಕೇಂದ್ರದಿಂದ ಸಂಖ್ಯೆ ಹೋದರೆ ತಾನೇ ನಿನ್ನ ಕೇಂದ್ರಕ್ಕೆ ಔಷಧ ಬರುವುದು. ರಿಜಿಸ್ಟರಿನಲ್ಲಿ ಟ್ಯೂಬಿನ ಫಲಕ್ಕೆ ಒಂದು ಪ್ರತ್ಯೇಕ ಅಂಕಣ ಎಳೆ, ಗಂಟೆ ಸಮೇತ ತುಂಬು.

ಚಾರ್ಜ್ ತೆಗೆದುಕೊಂಡ ದಿನವೇ ಸ್ಟೋರಿನ ಬೀಗ ತೆಗೆಸಿ ನೋಡು. ಎಎಸ್‌ವಿ ವಯಲ್ ಎಷ್ಟಿವೆ, ಅವಧಿ ಯಾವಾಗ ಮುಗಿಯುತ್ತದೆ, ಅಡ್ರಿನಲಿನ್ ಇದೆಯೇ, ಅಂಬು ಬ್ಯಾಗು ಹರಿದಿಲ್ಲವೇ. ಹೊಸ ಗಾಜಿನ ಟೆಸ್ಟ್ ಟ್ಯೂಬ್ ಒಂದೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಇಂಡೆಂಟ್ ಬರೆ, ಬರುವವರೆಗೆ ಕಾಯದೆ ಶಿರಸಿಯ ಅಂಗಡಿಯಿಂದ ಒಂದು ಡಬ್ಬಿ ತರಿಸು. ದುಡ್ಡು ನಾನು ಕೊಡುತ್ತೇನೆ, ಮಳೆ ಹಿಡಿಯುವ ಮೊದಲು ಅದು ನಿನ್ನ ಮೇಜಿನ ಮೇಲಿರಲಿ.